ಐವತ್ನಾಲ್ಕರ ಹಿಂದಿನ ಚುಕ್ಕೆ

ಅರವತ್ತರ ದಶಕದಲ್ಲಿ ಜಯನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಭೂಗೋಳ ಹೇಳಿಕೊಡುತ್ತಿದ್ದೆ. ಮೈಲಿ ಹೋಗಿ ಕಿಲೋಮೀಟರ್ ಬಂದಿದ್ದ ಕಾಲ. ಎಲ್ಲವನ್ನೂ ಹತ್ತರಲ್ಲಿ ಲೆಕ್ಕ ಹಾಕುವ ಹುರುಪು ನನಗೂ ಹತ್ತಿತ್ತು. ವಸ್ತುಪ್ರದರ್ಶನಕ್ಕೆಂದು ದೊಡ್ಡ ಹಾಳೆಯ ಮೇಲೆ ಬೆಂಗಳೂರು ಜಿಲ್ಲೆಯ ನಕ್ಷೆ ಬರೆದು, ಒಂದೊಂದು ಡಿಗ್ರಿಯನ್ನೂ ಹತ್ತು ಮನೆಗಳಾಗಿ ಗೆರೆ ಎಳೆದೆ. ದೊಡ್ಡ ಊರುಗಳನ್ನು ಅಟ್ಲಾಸ್ ನೋಡಿ ಇಳಿಸಿಕೊಂಡೆ. ಜರಗನಹಳ್ಳಿ ಅದರಲ್ಲಿರಲಿಲ್ಲ. ಅಲ್ಲಿಂದ ನಡೆದು ಬರುತ್ತಿದ್ದ ಹುಡುಗಿಯರದು ಒಂದೇ ಹಟ: "ನಮ್ಮೂರೂ ಇರ್ಬೇಕು ಮಿಸ್!"

ಸರ್ವೆ ಕೆಲಸದಲ್ಲಿದ್ದ ನನ್ನ ತಮ್ಮನನ್ನು ಕೇಳಿದೆ. ಚೀಟಿಯಲ್ಲಿ ಬರೆದುಕೊಟ್ಟ: ಅಕ್ಷಾಂಶ 12.54, ರೇಖಾಂಶ 77.34. ಪ್ರದರ್ಶನದ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ಮನೆ ಎಣಿಸಿ ಕೆಂಪು ಬಾವುಟ ಚುಚ್ಚಿದೆ.

ಹತ್ತು ಗಂಟೆಗೆ ಆ ಹುಡುಗಿಯರಲ್ಲೊಬ್ಬಳ ತಾಯಿ ಬಂದರು. ಹೊಲದ ಕೆಲಸ ಬಿಟ್ಟು, ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಮಗಳು ಬೆರಳಿಟ್ಟು ಒಂದೊಂದೇ ಊರಿನ ಹೆಸರು ಓದಿದಳು.

"ಮೇಡಂ, ನನ್ನ ತವರು ಕನಕಪುರ," ಎಂದರು ಆಕೆ. "ಬಸ್ಸಲ್ಲಿ ಎರಡು ಗಂಟೆ ದಾರಿ. ನಮ್ಮ ಜರಗನಳ್ಳಿ ಅದನ್ನೂ ದಾಟಿ ಆಕಡೆ ಹೆಂಗೆ ಹೋಯ್ತು?"

"ಲೆಕ್ಕ ಸರಿಯಾಗೇ ಇದೆಯಮ್ಮ," ಎಂದುಬಿಟ್ಟೆ. ಆಮೇಲೆ ನೋಡಿದೆ. ಬಾವುಟ ಕನಕಪುರದ ಪಶ್ಚಿಮಕ್ಕೆ ಆರಾಮಾಗಿ ನಿಂತಿತ್ತು.

"ಇರ್ಲಿ ಬಿಡಿ, ತವರು ಹತ್ರ ಆದ್ರೆ ನಂಗೇನೂ ಬೇಜಾರಿಲ್ಲ," ಎಂದು ಆಕೆ ನಕ್ಕಾಗ ಇಡೀ ತರಗತಿ ನಕ್ಕಿತು.

ಚೀಟಿ ತೆಗೆದು ಮತ್ತೆ ಓದಿದೆ. ಡಿಗ್ರಿಯ ಪುಟ್ಟ ಸೊನ್ನೆ ಹಾಕುವ ಬದಲು ತಮ್ಮ ಒಂದು ಚುಕ್ಕೆ ಇಟ್ಟಿದ್ದ, ಅಷ್ಟೆ. ಅವನು ಬರೆದದ್ದು ಹನ್ನೆರಡು ಡಿಗ್ರಿ, ಐವತ್ನಾಲ್ಕು ನಿಮಿಷ. ನಾನು ಅದನ್ನು ದಶಮಾಂಶ ಎಂದು ಓದಿದ್ದೆ. ಡಿಗ್ರಿಗೂ ಗಡಿಯಾರದ ಹಾಗೆ ಅರವತ್ತು ನಿಮಿಷ. ಅರವತ್ತರಲ್ಲಿ ಐವತ್ನಾಲ್ಕೆಂದರೆ ಹತ್ತು ಮನೆಯಲ್ಲಿ ಒಂಬತ್ತು. ನಾನು ಐದು ಚಿಲ್ಲರೆ ಮನೆಗೇ ನಿಂತುಬಿಟ್ಟಿದ್ದೆ.

ಮುಚ್ಚಿಡಲು ಮನಸ್ಸಾಗಲಿಲ್ಲ. "ತಪ್ಪು ನಂದೇ," ಎಂದು ಹೇಳಿ, ಕರಿಹಲಗೆಯ ಮೇಲೆ ಎರಡೂ ಬಗೆ ಬರೆದೆ: 12 ಡಿಗ್ರಿ 54 ನಿಮಿಷ, 12.9 ಡಿಗ್ರಿ. ಎರಡೂ ಒಂದೇ ಜಾಗ. ರೇಖಾಂಶದ ಲೆಕ್ಕವನ್ನು ಹುಡುಗಿಯರೇ ಮಾಡಿದರು. ಬಾವುಟ ಕಿತ್ತು, ಬೆಂಗಳೂರಿನ ದಕ್ಷಿಣಕ್ಕೆ ಚುಚ್ಚಿ, ಊರು ಸಿಕ್ಕಿತೆಂದು ಚಪ್ಪಾಳೆ ಹೊಡೆದರು.

ಅಷ್ಟರಲ್ಲಿ ಆ ತಾಯಿ ಕೈಚೀಲ ಬಿಚ್ಚಿ ಮೇಜಿನ ಮೇಲೆ ಬೇಯಿಸಿದ ಕಡಲೆಕಾಯಿ ಸುರಿದರು. ಸೀಮೆಸುಣ್ಣದ ಕೈಯಲ್ಲೇ ನಾನೂ ಒಂದು ಹಿಡಿ ತಗೊಂಡೆ.