ಉಪ್ಪಿನ ವಿಷಯ ಅಕ್ಕನೇ ಹೇಳಿದಳು

ಮೂರು ವರ್ಷದ ಹಿಂದೆ, ದಸರಾ ರಜೆ ಮುಗಿದು ಕಾಲೇಜು ಶುರುವಾದ ವಾರ ಇದು ನಡೆದದ್ದು. ಅಷ್ಟು ಖಚಿತ. ಉಳಿದದ್ದರಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ನಾನು ರಸಾಯನಶಾಸ್ತ್ರದ ಮೇಷ್ಟ್ರು. ಕುಂಬಾರಕೊಪ್ಪಲಿನ ಮನೆಯಲ್ಲಿ ನಾನು, ನನ್ನ ಅಕ್ಕ ಸರೋಜ ಇಬ್ಬರೇ. ಅಕ್ಕ ಕಡಕೊಳದ ಊದುಬತ್ತಿ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಾಳೆ. ಬಹಳ ವರ್ಷಗಳಿಂದ ಅವಳಿಗೆ ಹೆಪಟೈಟಿಸ್ ಬಿ ಇದೆ. ದಿನಕ್ಕೊಂದು ಮಾತ್ರೆ ನುಂಗಿಕೊಂಡು ಕೆಲಸ ಬಿಡದೆ ನಡೆಸಿದ್ದಳು. ಆ ವರ್ಷ ಮಾತ್ರ ಸೊರಗತೊಡಗಿದಳು. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ. ಬಸ್ ಹತ್ತುವಾಗ ಒಮ್ಮೆ ಬಿದ್ದೇಬಿಟ್ಟಳು.

ಲಿವರ್ ಕೈಕೊಟ್ಟಿದೆ ಎಂದು ನಾನೇ ತೀರ್ಮಾನಿಸಿದೆ. ಲಿವರ್ ರೋಗಿಗಳಿಗೆ ಉಪ್ಪು ಕಡಿಮೆ ಮಾಡುತ್ತಾರೆಂದು ಎಲ್ಲೋ ಓದಿದ್ದೆ. ಅದು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ಅಕ್ಕನಿಗೆ ಅದಿರಲಿಲ್ಲ. ಎಲ್ಲದಕ್ಕೂ ಪುರಾವೆ ಕೇಳುವ ನಾನು ಇದಕ್ಕೆ ಕೇಳಲಿಲ್ಲ. ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದೆ.

"ಈ ಸಾರನ್ನ ನಾಯೀನೂ ಮೂಸಲ್ಲ ಕಣೋ" ಎಂದಳು ಅಕ್ಕ.

"ಪಥ್ಯ ಅಂದ್ರೆ ಅಂಗೇ ಕಣಕ್ಕ, ತಿನ್ನು."

ಅವಳು ಕಾರ್ಖಾನೆಯಲ್ಲೂ ತಲೆ ಸುತ್ತಿ ಬಿದ್ದ ಮೇಲೆ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅಕ್ಕನನ್ನು ಮಲಗಿಸಿ, ಮತ್ತೆ ನಿಲ್ಲಿಸಿ ರಕ್ತದೊತ್ತಡ ನೋಡಿದರು. "ರಿಪೋರ್ಟಲ್ಲಿ ಲಿವರ್ ಹೋದ ಸಲದ ಹಾಗೇ ಇದೆಯಲ್ಲ. ಯಾಕಿಷ್ಟು ಸುಸ್ತು?"

"ಪಥ್ಯ ಸರಿಯಾಗಿ ನಡೀತಿದೆ ಮೇಡಂ. ಉಪ್ಪು ಮುಟ್ಟಿಸ್ತಿಲ್ಲ" ಎಂದೆ.

"ಸುಳ್ಳು ಮೇಡಂ" ಎಂದಳು ಅಕ್ಕ. "ಫ್ಯಾಕ್ಟ್ರೀಲಿ ನಮ್ಮ ಹೆಂಗಸ್ರು ಉಪ್ಪುನೀರಲ್ಲಿ ನೆಲ್ಲಿಕಾಯಿ ಹಾಕಿಟ್ಟಿರ್ತಾರೆ. ಕಾಯಿ ಅವ್ರು ತಿಂತಾರೆ, ನೀರು ನಾನು ಕುಡ್ದುಬುಡ್ತೀನಿ. ಅದು ಹೊಟ್ಟೆಗೆ ಬಿದ್ರೇನೇ ಸಾಯಂಕಾಲದವರೆಗೂ ನಿಂತ್ಕೊಳ್ಳೋಕಾಗೋದು. ಬೈಯೋದಾದ್ರೆ ಬೈದುಬುಡಿ."

ಡಾಕ್ಟರು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಬರಲು ಹೇಳಿ ರಕ್ತ ತೆಗೆದರು, ಒಂದು ಇಂಜೆಕ್ಷನ್ ಕೊಟ್ಟು ಮತ್ತೆ ತೆಗೆದರು. ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ಮೈಯಲ್ಲಿ ಉಪ್ಪನ್ನೂ ರಕ್ತದೊತ್ತಡವನ್ನೂ ಹಿಡಿದಿಡುವ ಹಾರ್ಮೋನುಗಳು ಅಕ್ಕನಿಗೆ ಅವುಗಳಿಂದ ಸಾಕಷ್ಟು ಬರುತ್ತಿಲ್ಲವೆಂದು ಆ ಪರೀಕ್ಷೆಯಲ್ಲಿ ಗೊತ್ತಾಯಿತು; ಮೈ ಉಪ್ಪು ಕಳೆದುಕೊಂಡು ಅದನ್ನೇ ಬೇಡುತ್ತಿತ್ತು. "ಲಿವರ್ ಕಾಯಿಲೆ ಇರೋರಲ್ಲಿ ಇದನ್ನ ಸುಲಭವಾಗಿ ಗುರುತಿಸೋಕಾಗಲ್ಲ. ಸುಸ್ತೆಲ್ಲ ಲಿವರ್ ಲೆಕ್ಕಕ್ಕೇ ಹೋಗ್ಬಿಡುತ್ತೆ. ನೀವು ಬಾಯಿಬಿಟ್ಟಿದ್ದು ಒಳ್ಳೇದಾಯ್ತಮ್ಮ" ಎಂದರು ಡಾಕ್ಟರು. ಹೊಸ ಮಾತ್ರೆಗಳು ಶುರುವಾದವು. ತಿಂಗಳೊಳಗೆ ಅಕ್ಕ ಬಸ್ಸಿನಲ್ಲಿ ನಿಂತುಕೊಂಡೇ ಕಡಕೊಳಕ್ಕೆ ಹೋಗತೊಡಗಿದಳು.

ಹೋದ ವರ್ಷ ಮನೆಗೆ ಬಂದ ಸಹೋದ್ಯೋಗಿಗಳಿಗೆ ಈ ಕಥೆ ಹೇಳುತ್ತಿದ್ದೆ. "ಉಪ್ಪಿನ ವಿಷಯ ನಾನೇ ಡಾಕ್ಟರಿಗೆ ಹೇಳಿದೆ" ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಲೇ ಇಲ್ಲ. ಹಾಗೇ ನೆನಪಿತ್ತು.

ಕಾಫಿ ತಂದ ಅಕ್ಕ ನಕ್ಕಳು. "ನೀನೆಲ್ಲಪ್ಪ ಹೇಳ್ದೆ? ಡಬ್ಬೀನ ಅಟ್ಟಕ್ಕೆ ಏರಿಸ್ದೋನು ನೀನು."

ಅವರು ಹೋದ ಮೇಲೆ ಹಳೆಯ ಫೈಲು ತೆಗೆದು ನೋಡಿದೆ. ಡಾಕ್ಟರ ಅಕ್ಷರದಲ್ಲಿ ಸ್ಪಷ್ಟವಾಗಿತ್ತು: ಉಪ್ಪಿನ ವಿಪರೀತ ಬಯಕೆ, ರೋಗಿ ತಾನಾಗಿ ಹೇಳಿದ್ದು, ಮನೆಯವರಿಗೆ ತಿಳಿದಿರಲಿಲ್ಲ.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಓದಿದ ತಮ್ಮನ ಎದುರು, ಬೈಗುಳಕ್ಕೆ ಸಿದ್ಧಳಾಗಿ, ತನ್ನ ಮೈ ಹೇಳಿದ್ದನ್ನು ಹೇಳಿ ತನ್ನ ಜೀವ ಉಳಿಸಿಕೊಂಡವಳು ನನ್ನ ಅಕ್ಕ. ನನ್ನ ನೆನಪು ಇನ್ನೊಮ್ಮೆ ಅದನ್ನು ಅವಳಿಂದ ಕದಿಯದಿರಲಿ ಎಂದೇ ಇಲ್ಲಿ ಬರೆದಿಟ್ಟಿದ್ದೇನೆ.