ಅವ್ವ ಶಾವಿಗಿಗೆ ಕರೆದ ಮಂದಿ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹೊಸದಾಗಿ ಮನೆ ಮಾಡಿದ್ದೆವು. ಅಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನ. ನಾನು ಕಾಲೇಜಿಗೆ ಹೋಗುತ್ತಿದ್ದೆ. ಅಪ್ಪನ ತಂಗಿ, ನನ್ನ ಅತ್ತಿ, ನಮ್ಮ ಜೊತೆಗೇ ಇದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮನೆಗೆ ಯಾರಾದರೂ ಬಂದರೆ ಅಡುಗೆಮನೆ ಸೇರುತ್ತಿದ್ದಳು. ಅವರು ಹೋಗುವವರೆಗೆ ಹೊರಗೆ ಮುಖ ತೋರಿಸುತ್ತಿರಲಿಲ್ಲ.

ಅವ್ವನಿಗೋ ಮಂದಿ ಬೇಕು. ಶ್ರಾವಣದಲ್ಲಿ ಓಣಿಯ ಹೆಂಗಸರನ್ನೆಲ್ಲ ಅರಿಶಿನ-ಕುಂಕುಮಕ್ಕೆ ಕರೆದಳು. ಪಡಸಾಲೆ ತುಂಬಿ ನಗು ಕೇಳುತ್ತಿದ್ದರೆ, ಅತ್ತಿ ಒಳಗೆ ಒಬ್ಬಳೇ ಕೂತು ಚಹಾ ಸೋಸುತ್ತಿದ್ದಳು. ಅದನ್ನು ಕಂಡ ಅವ್ವ ಆಮೇಲೆ ಅಂಥ ಕರೆಯ ಮಾತೇ ಎತ್ತಲಿಲ್ಲ.

ಬೇಸಿಗೆ ಬಂದಾಗ ಶಾವಿಗಿ ಹೊಸೆಯಬೇಕು ಎಂದಳು. ಪೇಟೆಯಲ್ಲಿ ಸಿಗುತ್ತದಲ್ಲ ಎಂದ ಅಪ್ಪನ ಮಾತು ಕೇಳಿಸಿಯೂ ಕೇಳದಂತೆ ಮನೆಮನೆಗೆ ಹೋಗಿ, ಕೈ ಸಾಲುವುದಿಲ್ಲ, ಬರುವಾಗ ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ ಎಂದು ಹೇಳಿ ಬಂದಳು. ಕೆಲಸಕ್ಕೆ ಕರೆದಲ್ಲಿ ಯಾರು ಮುತ್ತೈದೆ, ಯಾರು ಅಲ್ಲ ಎಂದು ನೋಡುವವರಿಲ್ಲ. ಶಾವಿಗಿ ಮಣೆಯ ಮೇಲೆ ಒಬ್ಬಾಕೆ ಕೂತು ಹೊಸೆದರೆ ಕೆಳಗೆ ಇನ್ನೊಬ್ಬಾಕೆ ಎಳೆ ಹಿಡಿಯಬೇಕು. ಅವ್ವ ಬೇಕಂತಲೇ ಗುರುತಿಲ್ಲದವರನ್ನು ಜೋಡಿ ಮಾಡಿ ಕೂಡಿಸಿದಳು.

ಪಕ್ಕದ ಮನೆಯವರು ಶಿಶುವಿಹಾರದಲ್ಲಿ ಕಲಿಸುವ ಅಕ್ಕೋರನ್ನು ಕರೆತಂದಿದ್ದರು. ಅವರು ಎಳೆ ಹಿಡಿಯಲು ಕೂತರು. ಅಷ್ಟರಲ್ಲಿ ಬಂದವರ ಮಕ್ಕಳು ಜಗಳ ಹೂಡಿ, ಒಣಗಲು ಹಾಕಿದ ಶಾವಿಗಿಯ ಮೇಲೇ ಬೀಳುವ ಹಾಗಾಯಿತು. ಅಡುಗೆಮನೆಯಿಂದ ಅತ್ತಿ ಎದ್ದು ಬಂದಳು. ಒಂದು ಮುದ್ದೆ ಕಣಕ ತಗೊಂಡು ಮೂಲೆಯಲ್ಲಿ ಕೂತು ಗುಬ್ಬಿ ಮಾಡಿದಳು, ಆಮೇಲೆ ಬೆಕ್ಕು. ಬೆಕ್ಕಿಗೆ ಹೆದರಿದ ಗುಬ್ಬಿಯ ಕತೆ ಶುರುಮಾಡಿದಾಗ ಮಕ್ಕಳೆಲ್ಲ ಅವಳ ಸುತ್ತ ಸೇರಿ ತೆಪ್ಪಗಾದವು. ಅವಳಿಗೆ ಇಷ್ಟು ಮಾತು ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

ಅಕ್ಕೋರು ಎಳೆ ಬಿಟ್ಟು ಅವಳನ್ನೇ ನೋಡುತ್ತಿದ್ದರು. ಕತೆ ಮುಗಿದ ಮೇಲೆ ಹತ್ತಿರ ಬಂದು ಕೂತರು.

"ನಮ್ಮ ಸಾಲಿಗೆ ಬರ್ತೀರೇನ್ರಿ? ಸಣ್ಣ ಹುಡುಗರ್ನ ಹಿಡ್ಯಾಕ ನನಗೊಬ್ಬಾಕಿಗೆ ಆಗವಲ್ದು."

ಅತ್ತಿ ತಲೆ ತಗ್ಗಿಸಿದಳು. "ನಾ ಕಲ್ತದ್ದು ನಾಕನೇ ಇಯತ್ತಾ ಅಷ್ಟರಿ."

"ಅವು ಇನ್ನೂ ಒಂದನೇದ್ದೂ ಕಲ್ತಿಲ್ರಿ," ಎಂದರು ಅಕ್ಕೋರು. ಅತ್ತಿ ನಕ್ಕುಬಿಟ್ಟಳು.

ಮಂದಿ ಏನೆಂದಾರು ಎಂದು ಅಪ್ಪ ಒಂದು ವಾರ ಹಿಂದೆಮುಂದೆ ನೋಡಿದ. ಅಕ್ಕೋರು ಇನ್ನೊಮ್ಮೆ ಬಂದು ಮಾತಾಡಿದ ಮೇಲೆ ಒಪ್ಪಿದ. ಇದನ್ನೆಲ್ಲ ಮೊದಲೇ ಯೋಚಿಸಿದ್ದೆಯಾ ಎಂದು ನಾನು ಅವ್ವನನ್ನು ಕೇಳಿದೆ.

"ನನಗೇನ ಕನಸ ಬಿದ್ದಿತ್ತ? ಮಂದಿ ಕೂಡಿದ್ರ ಏನರ ಒಂದ ಛಲೋ ಆಗ್ತದ ಅಂತ ಕರದೆ," ಎಂದಳು.

ಸಾಲಿಯ ಮೊದಲ ದಿನ ಅತ್ತಿ ಎರಡು ಸಲ ಸೀರೆ ಬದಲಿಸಿ ಹೊರಟಳು. ಸಂಜೆ ಊಟಕ್ಕೆ ಕೂತಾಗ ಯಾವ ಹುಡುಗ ಅತ್ತ, ಯಾವ ಕೂಸು ಅವಳ ಸೆರಗು ಹಿಡಿದು ಬಿಡಲಿಲ್ಲ ಎಂದು ಹೇಳುತ್ತಲೇ ಇದ್ದಳು. ಅಪ್ಪ ಕೈ ಒಣಗಿದರೂ ಏಳದೆ, ಆಮೇಲೇನಾಯಿತು ಎಂದು ಕೇಳುತ್ತ ಕೂತಿದ್ದ.