ಫ್ಲಾರೆನ್ಸಿನ ಪಟೇಲನ ಪಂಚೆ

ಕೂಟಗಲ್ಲಿನ ಚಲುವಯ್ಯ ಇಟಲಿಯ ಫ್ಲಾರೆನ್ಸಿಗೆ ಒಂಬತ್ತು ಸಲ ಹೋಗಿ ಬಂದವನು. ಹೋದದ್ದು ಅಡುಗೆಯವನಾಗಿ. ಬೆಂಗಳೂರಿನ ಒಂದು ಟೂರ್ ಕಂಪನಿ ನಮ್ಮಂಥ ರಿಟೈರಾದವರನ್ನು ಯುರೋಪಿಗೆ ಕರೆದೊಯ್ಯುವಾಗ ಕುಕ್ಕರು, ಸಾರಿನ ಪುಡಿಗಳ ಜೊತೆಗೆ ಅವನನ್ನೂ ಬಸ್ಸಿಗೆ ಹಾಕಿಕೊಳ್ಳುತ್ತಿತ್ತು. ಲೋಕ ನೋಡುವ ಆಸೆ ನಮಗೆ ಬೇಕಾದಷ್ಟಿದೆ. ಸಂಜೆಗೆ ತಿಳಿಸಾರು ಇಲ್ಲ ಎಂದರೆ ಲೋಕವೂ ಬೇಡ, ಏನೂ ಬೇಡ.

ಊರಿಗೆ ಬಂದಾಗ ಟೀ ಅಂಗಡಿಯ ಬೆಂಚಿನಲ್ಲಿ ಅವನದೇ ಮಾತು. ಕೆಂಪು ಹೆಂಚಿನ ಗುಮ್ಮಟದ ಚರ್ಚು, ಸೇತುವೆಯ ಎರಡೂ ಮಗ್ಗುಲಿಗೆ ಚಿನ್ನದಂಗಡಿ, ಚರ್ಮದ ಬ್ಯಾಗಿನ ಮಾರ್ಕೆಟ್ಟು, ಅದರ ಪಕ್ಕ ಮೂತಿ ಸವರಿದರೆ ಮತ್ತೆ ಆ ಊರಿಗೆ ಕರೆಸಿಕೊಳ್ಳುವ ಕಂಚಿನ ಹಂದಿ. ಎಲ್ಲಕ್ಕಿಂತ ಜೋರಾಗಿ ಹೇಳುತ್ತಿದ್ದದ್ದು ದೊಡ್ಡ ಚೌಕದ ಕಲ್ಲಿನ ಆಳಿನ ವಿಷಯ. "ಹೆಗಲ್ ಮ್ಯಾಲೆ ವಲ್ಲಿ ಹಾಕ್ಕಂಡು, ಬಿಳೀ ಪಂಚೆ ಉಟ್ಕಂಡು, ನಮ್ ಹಳೇ ಪಟೇಲ್ರಂಗೆ ನಿಂತವ್ನೆ ಕಣ್ಲಾ!" ಹೆಂಡತಿ ಮಾಯಮ್ಮನಿಗೆ ಇದೆಲ್ಲ ಬಾಯಿಪಾಠವಾಗಿತ್ತು.

ಈ ವರ್ಷ ಅವನ ಜೊತೆಗೆ ತರಕಾರಿ ಹೆಚ್ಚಲು ಬರಬೇಕಾಗಿದ್ದವನು ಕೈಕೊಟ್ಟ. ಕಂಪನಿಯವರು ಮಾಯಮ್ಮನಿಗೇ ವೀಸಾ ಮಾಡಿಸಿದರು. ಅದೇ ಬಸ್ಸಿನಲ್ಲಿ ನಾನೂ ಇದ್ದೆ. ರಾಮನಗರದಲ್ಲಿ ಮೂವತ್ನಾಲ್ಕು ವರ್ಷ ಸ್ಕೂಲ್ ಮೇಡಂ ಆಗಿದ್ದವಳು, ಮೂರು ವರ್ಷದ ಹಿಂದೆ ಒಮ್ಮೆ ಇದೇ ಟೂರ್ ಮುಗಿಸಿದ್ದವಳು. ಈ ಸಲ ಅಕ್ಕನ ಹಠಕ್ಕೆ ಹೊರಟಿದ್ದೆ. ಫ್ಲಾರೆನ್ಸಿಗೆ ಬರುವ ಹೊತ್ತಿಗೆ ಅಕ್ಕ ಮೊದಲು ಕಂಡ ಬೂಟಿನ ಅಂಗಡಿಯಲ್ಲೇ ಕೂರುತ್ತೇನೆಂದು ತೀರ್ಮಾನಿಸಿಯಾಗಿತ್ತು. ನನಗೆ ಮಂಡಿ ನೋವು, ಗೈಡಿನ ಬಾವುಟ ಕಂಡರೇ ಸಿಟ್ಟು.

ಬೆಳಿಗ್ಗೆ ಉಪ್ಪಿಟ್ಟು ಬಡಿಸಿದ ಚಲುವಯ್ಯ ನನ್ನ ಪಕ್ಕದಲ್ಲೇ ನಿಂತುಬಿಟ್ಟ. ಕಣ್ಣು ಕೆಂಪಗಿದ್ದವು, ಚಪ್ಪಲಿಯ ಪಟ್ಟಿ ಊದಿದ ಪಾದಕ್ಕೆ ಕಚ್ಚಿಕೊಂಡಿತ್ತು.

"ಮೇಡಮ್ಮೋರೆ, ಇವತ್ತು ಮಧ್ಯಾನ್ದ ಊಟ ಹೋಟ್ಲಲ್ಲಂತೆ. ನಾಕ್ ಗಂಟೆಗಂಟ ಬಿಡುವು ಕೊಟ್ಟವ್ರೆ. ನಮ್ಮವ್ಳು ಊರ್ ತೋರ್ಸಿ ಅಂತವ್ಳೆ."

"ತೋರಿಸಪ್ಪ. ನಿನಗೇನು ಹೊಸದೇ?"

"ನಾನೇ ನೋಡಿಲ್ವಲ್ಲ."

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ನಾವು ಇಳಿದುಕೊಳ್ಳುವ ಹೋಟೆಲು ಯಾವಾಗಲೂ ಊರಾಚೆ. ನಾವು ಊರು ನೋಡಲು ಹೊರಟಾಗ ಅವನ ಮುಂದೆ ಐವತ್ತು ಜನ ತಿಂದ ಪಾತ್ರೆ. ನಾವು ತಿರುಗಿ ಬರುವಾಗ ಸಾರು ಕುದಿಯುತ್ತಿರಬೇಕು. ಊಟದ ಮೇಜಿನಲ್ಲಿ ನಾವಾಡಿದ್ದನ್ನು ಬಡಿಸುತ್ತಾ ಕೇಳಿಸಿಕೊಂಡು, ಅದನ್ನೇ ಊರಿಗೆ ಹೊತ್ತು ತಂದಿದ್ದ.

"ಒಸಿ ನೀವ್ ಮುಂದ್ ಮುಂದೆ ನಡೀತಿರಿ, ನಿಮ್ ಹಿಂದೇನೇ ಬತ್ತೀವಿ. ಅವ್ಳಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಈ ಮಖ ಎಲ್ಲಿಟ್ಕಳ್ಳಿ?"

ಒಪ್ಪಿಕೊಂಡೆ. ಗುಮ್ಮಟ ಕಂಡ ಕೂಡಲೇ ನಾನು ನಿಂತು ಕೆಮ್ಮಿದೆ. ಹಿಂದಿನಿಂದ ಚಲುವಯ್ಯನ ದನಿ ಬಂತು: "ನೋಡಮ್ಮಿ, ನಾನ್ ಯೋಳಿರ್ನಿಲ್ವಾ?" ಹೇಳುವವನ ಕಣ್ಣೇ ಕೇಳುವವಳ ಕಣ್ಣಿಗಿಂತ ದೊಡ್ಡದಾಗಿತ್ತು. ಚರ್ಮದ ಮಾರ್ಕೆಟ್ಟಿನಲ್ಲಿ ಮಾಯಮ್ಮ ಒಂದೊಂದು ಬ್ಯಾಗನ್ನೂ ಮೂಸಿ ನೋಡಿದಳು. ಹಂದಿಯ ಮೂತಿ ಸವರಿ, ಕೈಯನ್ನು ಕಣ್ಣಿಗೊತ್ತಿಕೊಂಡು, "ವರಾಹಸ್ವಾಮಿ ಅಲ್ವ್ರಾ?" ಎಂದಳು. ಅವನು ನನ್ನ ಮುಖ ನೋಡಿ "ಊಂ" ಎಂದ. ನಡೆ ಕುಂಟುತ್ತಿತ್ತು, ಆದರೂ ಇಷ್ಟು ಸಂತೋಷದಲ್ಲಿ ಅವನನ್ನು ನಾನು ಕಂಡಿರಲಿಲ್ಲ.

ಚೌಕಕ್ಕೆ ಕಾಲಿಡುವಾಗ ಹಿಂದಿನಿಂದ ಮಾಯಮ್ಮನ ಮಾತು ಕೇಳಿಸಿತು: "ಪಂಚೆ ಉಟ್ಕಂಡಿರೋ ಪಟೇಲ್ರು ಇಲ್ಲೇ ಅಲ್ವ್ರಾ?" ಆ ಕಲ್ಲಿನ ಆಳು ಬೈಬಲ್ಲಿನ ಡೇವಿಡ್, ಅವನ ಹೆಗಲ ಮೇಲಿರುವುದು ವಲ್ಲಿಯಲ್ಲ, ಕಲ್ಲು ಬೀರುವ ಕವಣೆಯ ಪಟ್ಟಿ. ಮೂರು ವರ್ಷದ ಹಿಂದೆ ಊಟಕ್ಕೆ ಕೂತು, "ವಲ್ಲಿ ಹಾಕಿಕೊಂಡ ಪಟೇಲರ ಹಾಗಿದ್ದಾನೆ" ಎಂದು ಎಲ್ಲರನ್ನೂ ನಗಿಸಿದವಳು ನಾನೇ. ಉಳಿದ ಸಂಗತಿಯನ್ನು ಅನ್ನ ಕಲಸುತ್ತಾ ಹೇಳುವುದು ಹೇಗೆ? ವಲ್ಲಿ ಇದ್ದ ಮೇಲೆ ಪಂಚೆ ಇರಲೇಬೇಕೆಂದು ಚಲುವಯ್ಯ ತಾನೇ ಉಡಿಸಿಬಿಟ್ಟಿದ್ದ. ಎಚ್ಚರಿಸೋಣವೆಂದು ತಿರುಗುವಷ್ಟರಲ್ಲಿ ಇಬ್ಬರೂ ಅದರ ಬುಡದಲ್ಲಿದ್ದರು.

ಆಳು ಹುಟ್ಟಿದ ಮೈಯಲ್ಲಿ ನಿಂತಿದ್ದ.

ಮಾಯಮ್ಮ ಬಾಯಿಗೆ ಸೆರಗು ಹಿಡಿದಳು. "ಪಂಚೆ ಎಲ್ರೀ?"

ಚಲುವಯ್ಯ ತಲೆಯೆತ್ತಿ ನೋಡಿದವನು ತಲೆ ಇಳಿಸಲೇ ಇಲ್ಲ.

"ರಿಪೇರಿಗೆ ತೆಗೆದಿದ್ದಾರಂತೆ," ಎಂದೆ ನಾನು. ಮೂವತ್ನಾಲ್ಕು ವರ್ಷದ ಸರ್ವಿಸಿನಲ್ಲಿ ಇಷ್ಟು ದಡ್ಡ ಸುಳ್ಳು ಹೇಳಿರಲಿಲ್ಲ.

ಮಾಯಮ್ಮ ನಗಲಿಲ್ಲ, ಗಂಡನನ್ನು ಬಯ್ಯಲೂ ಇಲ್ಲ. ನನ್ನ ಕಡೆಗೇ ತಿರುಗಿದಳು. "ಒಂಬತ್ ಸಲ ಬಂದವ್ರೆ. ಒಂದ್ ಸಲಾನೂ ಯಾರೂ 'ಬಾ ಚಲುವಯ್ಯ, ನೋಡ್ಕಂಡ್ ಬರೋವಂತೆ' ಅನ್ನಿಲ್ವಾ ಮೇಡಮ್ಮೋರೆ?"

ನನಗೆ ನಾಚಿಕೆಯಾಯಿತು. ಆ ಒಂಬತ್ತರಲ್ಲಿ ಒಂದು ಸಲ ನಾನಿದ್ದೆ. ಪಕ್ಕದೂರಿನವನು ಎಂದು ಗೊತ್ತಿದ್ದೂ, ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಿದ್ದು ಬಿಟ್ಟರೆ ಅವನೊಡನೆ ಬೇರೆ ಮಾತಾಡಿದ ನೆನಪಿಲ್ಲ.

"ಒಲೆ ಮ್ಯಾಲೆ ಸಾರ್ ಇರ್ತದಲ್ಲಮ್ಮಿ, ಯಾರ್ ಕರೆದಾರು," ಎಂದ ಚಲುವಯ್ಯ, ನನ್ನ ಪರವಾಗಿ. ಆಮೇಲೆ, "ಬಾ, ಚಿನ್ನದಂಗ್ಡಿ ಸೇತ್ವೆ ನೋಡಾಣ," ಎಂದು ಹೆಜ್ಜೆ ಎತ್ತಲು ಹೋದ. ಕಾಲು ಬರಲಿಲ್ಲ.

"ಒಸಿ ಕೂತ್ಕಳಿ," ಎಂದು ಮಾಯಮ್ಮ ಅವನನ್ನು ಅಲ್ಲಿದ್ದ ಮಂಟಪದ ಮೆಟ್ಟಿಲಿಗೆ ಕರೆದುಕೊಂಡು ಹೋದಳು. ಕೂತ ಎರಡು ನಿಮಿಷಕ್ಕೆ ಅವನು ಕಂಬಕ್ಕೊರಗಿ ನಿದ್ದೆ ಹೋದ. ಸೇತುವೆ ಐದೇ ನಿಮಿಷದ ದಾರಿ, ನಾನು ಕರೆದೊಯ್ದು ತೋರಿಸುತ್ತೇನೆ ಎಂದೆ. ಮಾಯಮ್ಮ ಬೇಡವೆಂದು ತಲೆಯಾಡಿಸಿ, ಅವನ ಚಪ್ಪಲಿ ಬಿಚ್ಚಿ, ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಎರಡು ಗಂಟೆ ಹಾಗೇ ಒತ್ತುತ್ತಾ ಕೂತಳು. ನಾನೂ ಎದ್ದು ಹೋಗಲಿಲ್ಲ.

ಮೂರೂವರೆಗೆ ಅವನು ಗಾಬರಿಯಿಂದ ಎದ್ದ. "ಅಯ್ಯೋ, ಹೊತ್ತಾಗ್ಬುಡ್ತಲ್ಲಮ್ಮಿ! ಸೇತ್ವೆ?"

"ನೀವ್ ಮಲ್ಗಿದ್ದಾಗ ಮೇಡಮ್ಮೋರ್ ಜೊತೆ ಹೋಗ್ ಬಂದೆ," ಎಂದಳು ಮಾಯಮ್ಮ. "ಎಲ್ಡೂ ಮಗ್ಲಿಗೆ ಚಿನ್ನದಂಗ್ಡಿ. ನೀವ್ ಯೋಳ್ದಂಗೇ ಐತೆ ಕಣ್ರೀ, ಒಂಚೂರೂ ಯತ್ಯಾಸ ಇಲ್ಲ."

ಅವನು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಮಾಯಮ್ಮ ಚಪ್ಪಲಿಯನ್ನು ಅವನ ಕಾಲ ಹತ್ತಿರಕ್ಕೆ ಸರಿಸಿ, "ಏಳಿ, ಹುರುಳೀಕಾಯಿ ಹೆಚ್ಬೇಕು," ಎಂದಳು.